ಕರಾವಳಿಯ ಪುರಾತನ ಸ್ಮಾರಕಗಳೂ ಅವುಗಳ ಪರಿಪಾಲನೆಯೂ

(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)

 

ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂಬ ನಾಲ್ಕು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿ ಈಗ ಪ್ರವಾಸಿಗರಲ್ಲಿ ಬಲವಾಗಿ ಬೇರೂರಿದೆ. ದೂರದ ಊರುಗಳಿಂದ ಬರುವವರು ಬೆಳಗ್ಗೆ ಉಡುಪಿಯಲ್ಲಿ ಶ್ರೀಕೃಷ್ಣನ ದರ್ಶನವನ್ನು ಮಾಡಿ, ಮಧ್ಯಾಹ್ನಕ್ಕೆ ಮಣಿಪಾಲವನ್ನು ಸುತ್ತಿ, ಸಾಯಂಕಾಲ ಕಾಪುವಿನ ದೀಪಸ್ತಂಭದ ಬಳಿ ಸೂರ್ಯಾಸ್ತವನ್ನು ಕಂಡು, ಮರುದಿನ ಧರ್ಮಸ್ಥಳದ ದಾರಿಯಲ್ಲಿ ಕಾರ್ಕಳದಲ್ಲಿ ಅರ್ಧ ಗಂಟೆ ವಾಹನವನ್ನು ನಿಲ್ಲಿಸುತ್ತಾರೆ. ಆ ಅರ್ಧ ಗಂಟೆಯಲ್ಲಿ ಗೊಮ್ಮಟನ ಪಾದದ ಬಳಿ ಒಂದು ಭಾವಚಿತ್ರವನ್ನು ತೆಗೆಸಿಕೊಂಡು ಇಳಿದುಬಿಡುತ್ತಾರೆ. ಎದುರಿನ ಚಿಕ್ಕ ಬೆಟ್ಟದ ಮೇಲಿನ ಚತುರ್ಮುಖ ಬಸದಿಯನ್ನು ಹತ್ತಿ ನೋಡುವವರು ಅವರಲ್ಲಿ ಕೆಲವರು ಮಾತ್ರ. ಇದನ್ನು ಯಾತ್ರಿಕರ ದೋಷವೆಂದು ಹೇಳುವುದು ಉಚಿತವಲ್ಲ. ಅವರಿಗೆ ದಾರಿ ತೋರಿಸಬೇಕಾದವರೇ ಮೌನವಾಗಿದ್ದರೆ ಅವರಾದರೂ ಏನು ಮಾಡಿಯಾರು?

ಈ ನಾಲ್ಕು ಸ್ಥಳಗಳನ್ನು ನೋಡುವಾಗ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಲೇಸು. ಇವನ್ನು ಕಟ್ಟಿದವರಾರು ಎಂಬ ಪ್ರಶ್ನೆಗೆ ಮಾರ್ಗದರ್ಶಿ ಪುಸ್ತಕಗಳು ಉತ್ತರ ಕೊಡುತ್ತವೆ. ಕಟ್ಟಿದ ಮೇಲೆ ಇಷ್ಟು ಶತಮಾನ ಇವು ನಿಂತದ್ದು ಹೇಗೆ, ದೀಪಕ್ಕೆ ಎಣ್ಣೆ ಎಲ್ಲಿಂದ ಬಂತು, ನೈವೇದ್ಯಕ್ಕೆ ಅಕ್ಕಿಯನ್ನು ಯಾರು ಅಳೆದರು ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಸಿಗದು. ಹೊಸದಾಗಿ ಬಿಂಬಪ್ರತಿಷ್ಠೆಯನ್ನು ನೆರವೇರಿಸುತ್ತಿರುವ ಈ ಸಂದರ್ಭದಲ್ಲಿ ಎರಡನೆಯ ಪ್ರಶ್ನೆಯೇ ಹೆಚ್ಚು ಪ್ರಸ್ತುತವಾದದ್ದು.

ಉಡುಪಿಯಿಂದಲೇ ಪ್ರಾರಂಭಿಸೋಣ. ಹದಿಮೂರನೆಯ ಶತಮಾನದಲ್ಲಿ ಶ್ರೀ ಮಧ್ವಾಚಾರ್ಯರಿಂದ ಸ್ಥಾಪಿತವಾದ ಶ್ರೀಕೃಷ್ಣ ಮಠ, ಅದರ ಸುತ್ತಲಿನ ರಥಬೀದಿ, ಆ ಬೀದಿಯಲ್ಲಿರುವ ಪ್ರಾಚೀನವಾದ ಅನಂತೇಶ್ವರ ಮತ್ತು ಚಂದ್ರಮೌಳೀಶ್ವರ ದೇವಾಲಯಗಳು, ಭಕ್ತ ಕನಕದಾಸರ ಹೆಸರನ್ನು ಹೊತ್ತ ಕಿಂಡಿ — ಇವು ಎಲ್ಲರಿಗೂ ತಿಳಿದವು. ಆದರೆ ಉಡುಪಿಯಲ್ಲಿ ಗಮನವಿಟ್ಟು ನೋಡಬೇಕಾದ ಸಂಗತಿ ಪರ್ಯಾಯದ ವ್ಯವಸ್ಥೆ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಎಂಟು ಮಠಗಳಿಗೆ ಪೂಜಾಧಿಕಾರವು ಸರದಿಯಂತೆ ಎರಡೆರಡು ವರ್ಷ ಬರುತ್ತದೆ. ಮೊದಲು ಎರಡು ತಿಂಗಳಿದ್ದ ಅವಧಿಯನ್ನು ಎರಡು ವರ್ಷಗಳಿಗೆ ವಿಸ್ತರಿಸಿದವರು ಹದಿನಾರನೆಯ ಶತಮಾನದ ಶ್ರೀ ವಾದಿರಾಜರು. ಹೀಗೆ ಒಂದು ಸುತ್ತು ಮುಗಿಯಲು ಹದಿನಾರು ವರ್ಷಗಳು ಬೇಕು.

ಸರದಿ ಬರುವುದಕ್ಕೆ ಬಹಳ ಮುಂಚೆಯೇ ಆ ಮಠದವರು ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂಬ ನಾಲ್ಕು ಮುಹೂರ್ತಗಳನ್ನು ನಡೆಸುತ್ತಾರೆ. ಬಾಳೆಯ ಗಿಡವನ್ನು ಇಂದು ನೆಟ್ಟರೆ ತಾನೆ ಎಲೆ ಮುಂದಿನ ವರ್ಷದ ಊಟಕ್ಕೆ ಸಿಗುವುದು! ಮಧ್ವಸರೋವರದ ಸಮೀಪ ರಥದ ಆಕಾರದಲ್ಲಿ ಒಟ್ಟಿದ ಕಟ್ಟಿಗೆಯನ್ನು ಪ್ರವಾಸಿಗರು ಬೆರಗಿನಿಂದ ನೋಡುತ್ತಾರೆ. ಅದು ಅಲಂಕಾರಕ್ಕಾಗಿ ಒಟ್ಟಿದ್ದಲ್ಲ, ಅನ್ನದಾನದ ಒಲೆಗೆ ಕಾದಿರಿಸಿದ ಸೌದೆ. ಲೆಕ್ಕಾಚಾರವನ್ನೂ ಮಂಗಳಕಾರ್ಯವೆಂದು ಭಾವಿಸಿದ ಆ ದೂರದೃಷ್ಟಿಯು ಯಾವ ಮತದವರಿಗಾದರೂ ಅನುಕರಣೀಯ.

ಉಡುಪಿಯಿಂದ ಪೂರ್ವಕ್ಕೆ ಐದಾರು ಕಿಲೋಮೀಟರ್ ಏರಿದರೆ ಮಣಿಪಾಲ. ಮುರಕಲ್ಲಿನ ಬೋಳು ಗುಡ್ಡವಾಗಿದ್ದ ಈ ಸ್ಥಳದಲ್ಲಿ 1953ರಲ್ಲಿ ಡಾ. ಟಿ. ಎಂ. ಎ. ಪೈಗಳು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದ ಮೇಲೆ ಅದು ವಿದ್ಯಾನಗರವಾಯಿತು. ಹೊಸ ಊರಾದ ಮಣಿಪಾಲದಲ್ಲಿ ಪುರಾತನವಾದದ್ದು ಏನಿದ್ದೀತು ಎಂದು ಕೇಳುವವರಿಗೆ ದಿವಂಗತ ವಿಜಯನಾಥ ಶೆಣೈಯವರು ಉತ್ತರವನ್ನು ಕೊಟ್ಟುಹೋಗಿದ್ದಾರೆ. 2017ರಲ್ಲಿ ತೀರಿಕೊಂಡ ಇವರು ತಮ್ಮ ಬಾಳಿನ ಬಹುಭಾಗವನ್ನು ಹಳೆಯ ಮನೆಗಳನ್ನು ಉಳಿಸುವುದರಲ್ಲಿ ಕಳೆದರು. ಕೆಡವಲು ಸಿದ್ಧವಾದ ಮನೆಗಳನ್ನು ಕೊಂಡು, ಕಂಬ, ತೊಲೆ, ಜಂತಿ, ಬಾಗಿಲುವಾಡಗಳನ್ನು ಒಂದೊಂದಾಗಿ ಗುರುತು ಹಾಕಿ ಬಿಚ್ಚಿ, ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಕುಂಜೂರಿನ ಚೌಕಿ ಮನೆ, ಕಾರ್ಕಳದ ನೆರೆಯ ಮಿಯಾರಿನ ಮನೆ, ಕುಕನೂರಿನ ಕಮಲ ಮಹಲು, ದಖನಿ ನವಾಬರ ಮಹಲು, ಮಂಗಳೂರಿನ ಕ್ರೈಸ್ತರ ಮನೆ ಇವೆಲ್ಲ ಈಗ ಅಲ್ಲಿ ಅಕ್ಕಪಕ್ಕದಲ್ಲಿವೆ.

ಇದೊಂದು ಅಸಾಧಾರಣವಾದ ಸಾಹಸವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದು ಮಾತನ್ನು ಹೇಳದೆ ಇರಲಾಗದು. ಮನೆ ಉಳಿಯಿತು, ಅದರ ತುಳಸಿಕಟ್ಟೆಗೆ ನೀರೆರೆಯುತ್ತಿದ್ದ ಕೈ ಉಳಿಯಲಿಲ್ಲ. ಒಡೆಯರು ಬಿಟ್ಟುಕೊಟ್ಟ ಮನೆಗೆ ಇದಕ್ಕಿಂತ ಉತ್ತಮವಾದ ಗತಿಯೇನೋ ಇಲ್ಲ. ಬಸದಿಯ ವಿಷಯದಲ್ಲಿ ಮಾತ್ರ ಇಂತಹ ಗತಿಯನ್ನು ಸಮಾಜವು ಒಪ್ಪಿಕೊಳ್ಳಬಾರದು. ಬಸದಿ ಇದ್ದಲ್ಲಿಯೇ ಇರಬೇಕು, ಅಭಿಷೇಕ ನಡೆಯುತ್ತಲೇ ಇರಬೇಕು.

ಇನ್ನು ಕಾಪು. ಈಗ ಇದು ಪ್ರತ್ಯೇಕ ತಾಲ್ಲೂಕಿನ ಕೇಂದ್ರ. ಸಮುದ್ರದಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಸುಮಾರು 27 ಮೀಟರ್ ಎತ್ತರವಿದೆ. ಮಾರಿಗುಡಿಗಳ ಪ್ರಸಿದ್ಧಿಯಂತೂ ನಾಡಿಗೆಲ್ಲ ಹಬ್ಬಿದೆ. ಆದರೆ ಕಾಪುವಿನ ಬಹುಮುಖ್ಯವಾದ ಸ್ಮಾರಕ ಕಣ್ಣಿಗೆ ಕಾಣುವಂಥದಲ್ಲ. ಅದೊಂದು ತಾಮ್ರಶಾಸನ. ಕೆಳದಿಯ ಸದಾಶಿವ ನಾಯಕನು ಈ ಪ್ರಾಂತ್ಯವನ್ನು ಆಳುತ್ತಿದ್ದ ಕಾಲದಲ್ಲಿ, 1556ರ ಸುಮಾರಿಗೆ, ಕಾಪುವಿನ ಅರಸನಾದ ಮದ್ದಹೆಗ್ಗಡೆಯು ಅಲ್ಲಿಯ ಧರ್ಮನಾಥ ತೀರ್ಥಂಕರರ ಪೂಜೆಗಾಗಿ ದೇವಚಂದ್ರ ಮುನಿಗಳಿಗೆ ಮಲ್ಲಾರು ಗ್ರಾಮದಲ್ಲಿ ಭೂಮಿಯನ್ನು ದತ್ತಿ ಕೊಟ್ಟ ವಿವರ ಅದರಲ್ಲಿದೆ.

ದತ್ತಿಯ ಶಾಸನಗಳ ಕೊನೆಯಲ್ಲಿ ಶಾಪಾಶಯ ಬರುವುದು ವಾಡಿಕೆ. ಕಾಪುವಿನ ಶಾಸನದ ವಿಶೇಷವೇನೆಂದರೆ, ಅಲ್ಲಿ ಶಾಪವನ್ನು ಆಯಾ ಮತದವರಿಗೆ ಬೇರೆ ಬೇರೆಯಾಗಿ ಹೇಳಲಾಗಿದೆ. ಈ ಧರ್ಮಕ್ಕೆ ತಪ್ಪಿದವನು ಜೈನನಾದರೆ ಬೆಳ್ಗೊಳದ ಗೊಮ್ಮಟನಾಥ, ಕೊಪಣದ ಚಂದ್ರನಾಥ, ಊರ್ಜಯಂತಗಿರಿಯ ನೇಮಿನಾಥರ ಬಿಂಬಗಳನ್ನು ಭಂಗಿಸಿದ ಪಾಪಕ್ಕೆ ಹೋಗುವನು; ಶೈವನಾದರೆ ಶ್ರೀಪರ್ವತ, ಗೋಕರ್ಣ ಮೊದಲಾದೆಡೆ ಕೋಟಿಲಿಂಗಗಳನ್ನು ಕೆಡಿಸಿದ ಪಾಪಕ್ಕೆ; ವೈಷ್ಣವನಾದರೆ ತಿರುಮಲೆಯೇ ಮೊದಲಾದ ಕ್ಷೇತ್ರಗಳಿಗೆ ಕೇಡು ಬಗೆದ ಪಾಪಕ್ಕೆ — ಹೀಗೆ ಅದರ ತಾತ್ಪರ್ಯ. ಜಿನಬಸದಿಯೊಂದರ ಗದ್ದೆಯನ್ನು ಕಾಯುವ ಹೊಣೆ ಊರಿನ ಎಲ್ಲರ ಮೇಲೂ ಇದೆಯೆಂದು, ಅವರವರ ದೇವರ ಮೇಲೆಯೇ ಆಣೆಯಿಟ್ಟು ಹೇಳಿದ ಮಾತಿದು. ಶಾಸನವನ್ನು ಬರೆಸಿದವನಿಗೆ ತನ್ನ ನೆರೆಹೊರೆಯವರು ಯಾರೆಂದು ಚೆನ್ನಾಗಿ ಗೊತ್ತಿತ್ತು. ಕಾಪುವಿನ ಕಡಲತೀರದಲ್ಲಿ ನಿಂತು ಸೂರ್ಯಾಸ್ತವನ್ನು ನೋಡುವ ಸಾವಿರಾರು ಜನರಲ್ಲಿ ಈ ತಾಮ್ರದ ಹಲಗೆಯ ಸುದ್ದಿಯನ್ನು ಬಲ್ಲವರೆಷ್ಟು ಮಂದಿ? ಜೈನ ಸಮಾಜದಲ್ಲಿಯೇ ಬಲ್ಲವರೆಷ್ಟು ಮಂದಿ?

ಕಾರ್ಕಳಕ್ಕೆ ಬರೋಣ. ಹೊಂಬುಜದ ಜಿನದತ್ತರಾಯನ ವಂಶದವರೆಂದು ಹೇಳಿಕೊಳ್ಳುವ ಸಾಂತರರು ಘಟ್ಟದ ಮೇಲಣ ಕಳಸದಿಂದ ಇಳಿದು ಬಂದು, ಭೈರರಸರೆಂಬ ಬಿರುದಿನಿಂದ ಇಲ್ಲಿ ರಾಜ್ಯವಾಳಿದರು. ಕರಿಯ ಕಲ್ಲಿನ ಊರಾದುದರಿಂದ ಕಾರ್ಕಳವೆಂಬ ಹೆಸರಾಯಿತೆಂಬ ಮಾತು ಪ್ರಚಲಿತವಾಗಿದೆ. ಪಾಂಡ್ಯನಗರಿ ಎಂಬುದು ಅದರ ಇನ್ನೊಂದು ಹೆಸರು. ಗುರುಗಳಾದ ಲಲಿತಕೀರ್ತಿ ಮುನಿಗಳ ಉಪದೇಶದಂತೆ ವೀರಪಾಂಡ್ಯ ಭೈರರಸನು ಬಾಹುಬಲಿಯ ವಿಗ್ರಹವನ್ನು ಪ್ರತಿಷ್ಠಾಪಿಸಿದ್ದು 1432ನೆಯ ಇಸವಿ ಫೆಬ್ರವರಿ 13ರಂದು, ಶಕವರ್ಷ 1353ರ ಫಾಲ್ಗುಣ ಶುದ್ಧ ದ್ವಾದಶಿಯಂದು. ಎತ್ತರ ಸುಮಾರು 42 ಅಡಿ. ನಾಲ್ಕು ವರ್ಷಗಳ ಅನಂತರ, 1436ರಲ್ಲಿ, ಎದುರಿನ ಬ್ರಹ್ಮದೇವರ ಕಂಬವನ್ನೂ ಅದೇ ಅರಸನು ನಿಲ್ಲಿಸಿದನು.

ಶ್ರವಣಬೆಳಗೊಳದ ಮೂರ್ತಿಗೂ ಕಾರ್ಕಳದ ಮೂರ್ತಿಗೂ ಇರುವ ಒಂದು ದೊಡ್ಡ ವ್ಯತ್ಯಾಸವನ್ನು ಯಾತ್ರಿಕರಿಗೆ ತಿಳಿಸಿ ಹೇಳಬೇಕು. ಅಲ್ಲಿ ಬೆಟ್ಟದ ತುದಿಯ ಬಂಡೆಯನ್ನೇ ಮೇಲಿನಿಂದ ಕೆಳಕ್ಕೆ ಕಡೆದು ಚಾವುಂಡರಾಯನು ಬಾಹುಬಲಿಯನ್ನು ಪ್ರಕಟಗೊಳಿಸಿದನು. ಇಲ್ಲಿಯದಾದರೋ ಬೇರೆಡೆಯಲ್ಲಿ ಕಡೆದ ಕಲ್ಲು. ಅದನ್ನು ಬೆಟ್ಟಕ್ಕೆ ಏರಿಸಿ ಪೀಠದ ಮೇಲೆ ನಿಲ್ಲಿಸಲಾಯಿತು. ಸುಮಾರು 80 ಟನ್ನು ತೂಗುವುದೆಂದು ಅಂದಾಜು ಮಾಡಲಾದ ಕಲ್ಲನ್ನು, ಯಂತ್ರಗಳಿಲ್ಲದ ಕಾಲದಲ್ಲಿ ಏರಿಸಿದ್ದು ಹೇಗೆ? ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ವಾಲ್‌ಹೌಸ್ ಎಂಬ ಆಂಗ್ಲರು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಜನರ ಬಾಯಿಂದ ಕೇಳಿದ ಕಥೆಯನ್ನು ಬರೆದಿಟ್ಟಿದ್ದಾರೆ. ಇಪ್ಪತ್ತು ಕಬ್ಬಿಣದ ಬಂಡಿಗಳನ್ನು ಸಾಲಾಗಿ ಹೂಡಿ, ಮೇಲೆ ಹತ್ತಿಯನ್ನು ಹಾಸಿ, ಒಂದೊಂದು ಬಂಡಿಗೂ ಹತ್ತು ಸಾವಿರ ತೆಂಗಿನಕಾಯಿಗಳನ್ನು ಒಡೆದು, ಇಳಿಜಾರು ಕಟ್ಟೆಯ ಮೇಲೆ ಅಸಂಖ್ಯ ಭಕ್ತರು ಎಳೆದರಂತೆ. ತೆಂಗಿನಕಾಯಿಗಳ ಲೆಕ್ಕವನ್ನು ನಂಬಬೇಕಾಗಿಲ್ಲ. ಇಳಿಜಾರು ಕಟ್ಟೆಯ ಮಾತನ್ನು ಮಾತ್ರ ನಂಬಬಹುದು.

ಈ ಊರಿನ ಶಿಲ್ಪಿಗಳ ಕೈ ಐದುನೂರು ವರ್ಷಗಳ ಅನಂತರವೂ ಆ ವಿದ್ಯೆಯನ್ನು ಮರೆತಿರಲಿಲ್ಲ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ ಕಡೆದವರು ಕಾರ್ಕಳದ ರೆಂಜಾಳ ಗೋಪಾಲ ಶೆಣೈಯವರು. ಕಾರ್ಕಳದಲ್ಲಿಯೇ ರೂಪುತಳೆದ ಆ ಮೂರ್ತಿ 1973ರಲ್ಲಿ ಬಹುಚಕ್ರಗಳ ವಾಹನದ ಮೇಲೆ ಧರ್ಮಸ್ಥಳಕ್ಕೆ ಸಾಗಿತು. 1982ರಲ್ಲಿ ಅದರ ಪ್ರತಿಷ್ಠೆ ಹಾಗೂ ಪ್ರಥಮ ಮಹಾಮಸ್ತಕಾಭಿಷೇಕಗಳು ನಡೆದವು. ಶಿಲ್ಪಿ ಜೈನರಲ್ಲ, ಗೌಡ ಸಾರಸ್ವತ ಬ್ರಾಹ್ಮಣರು. ಕಾಪುವಿನ ಶಾಸನದ ಮಾತು ಇಲ್ಲಿಯೂ ನೆನಪಾಗುವುದು ಸಹಜ.

ಗೊಮ್ಮಟನ ಬೆಟ್ಟದ ಮುಂದಿನ ಚಿಕ್ಕ ಬೆಟ್ಟದ ಮೇಲಿರುವುದು ಚತುರ್ಮುಖ ಬಸದಿ. 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಈ ಚೈತ್ಯಾಲಯಕ್ಕೆ ಶಾಸನದಲ್ಲಿ ತ್ರಿಭುವನತಿಲಕ ಎಂಬ ಹೆಸರಿದೆ, ಸರ್ವತೋಭದ್ರವೆಂದೂ ಕರೆಯಲಾಗಿದೆ. ಇದಕ್ಕೆ ಹಿಂಬದಿ ಎಂಬುದಿಲ್ಲ. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು, ಒಂದೇ ಬಗೆಯ ಮೊಗಸಾಲೆ. ಯಾವ ದಿಕ್ಕಿನಿಂದ ಬಂದವನಿಗೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು ಎದುರಾಗಿ ನಿಂತಿರುತ್ತಾರೆ. ಪಶ್ಚಿಮದ ಕಡೆ ಚತುರ್ವಿಂಶತಿ ತೀರ್ಥಂಕರರ ಬಿಂಬಗಳೂ ಪದ್ಮಾವತಿ ಯಕ್ಷಿಯೂ ಇವೆ. ಕಂಬಗಳು ನೂರೆಂಟು. ಇಡಿಯ ಕಟ್ಟಡ ಕಗ್ಗಲ್ಲಿನದು, ಮಾಡು ಸಹ ಕಲ್ಲಿನ ಹಾಸೇ.

ಕರಾವಳಿಯ ಬಸದಿಗಳ ಇಳಿಜಾರು ಮಾಡುಗಳನ್ನು ನೋಡಿ ಫರ್ಗುಸನ್ ಎಂಬ ಪ್ರಸಿದ್ಧ ವಾಸ್ತುಶಾಸ್ತ್ರ ಚರಿತ್ರಕಾರರು ನೇಪಾಳದ ಕಟ್ಟಡಗಳನ್ನು ನೆನೆದರು. ಅಷ್ಟು ದೂರ ಹೋಗಬೇಕಾದ ಅಗತ್ಯವಿರಲಿಲ್ಲ. ವರ್ಷಕ್ಕೆ 4000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಯಾವ ಬಡಗಿಯೂ ನೀರು ಬೇಗ ಇಳಿದುಹೋಗುವಂತೆಯೇ ಮಾಡನ್ನು ಕಟ್ಟುತ್ತಾನೆ. ಮರದ ಮಾಡಿನ ರೀತಿಯನ್ನೇ ಇಲ್ಲಿಯ ಕಲ್ಲುಕುಟಿಗರು ಕಲ್ಲಿನಲ್ಲಿ ಅನುಸರಿಸಿದರು: ಹಲಗೆಯಂತೆ ಸೀಳಿದ ಕಲ್ಲುಗಳನ್ನು ಓರೆಯಾಗಿ ಹೊದಿಸಿ, ಸಂದುಗಳ ಮೇಲೆ ಇನ್ನೊಂದು ಕಲ್ಲಿನ ಪಟ್ಟಿಯನ್ನು ಕವಚಿದರು. ಮಳೆಗಾಲದ ಮಧ್ಯಾಹ್ನವೊಂದರಲ್ಲಿ ಬಸದಿಯ ಮೊಗಸಾಲೆಯಲ್ಲಿ ಕುಳಿತವರಿಗೆ ಈ ಜಾಣ್ಮೆ ಪುಸ್ತಕವಿಲ್ಲದೆಯೇ ಅರ್ಥವಾಗುತ್ತದೆ.

ಇಮ್ಮಡಿ ಭೈರರಸನ ಶಾಸನವನ್ನು ಕೊನೆಯ ತನಕ ಓದುವವರು ವಿರಳ. ಬಸದಿಯ ವೈಭವದ ವರ್ಣನೆ ಮುಗಿದ ಮೇಲೆ ಅದರಲ್ಲಿ ತೆಳ್ಳಾರು, ರೆಂಜಾಳ, ನಲ್ಲೂರುಗಳ ಹೆಸರು ಬರುತ್ತದೆ. ಯಾವ ಗ್ರಾಮದ ಅಕ್ಕಿ, ಯಾವ ಊರಿನ ಹುಟ್ಟುವಳಿ ಈ ಬಸದಿಗೆ ಸಲ್ಲಬೇಕು, ಪೂಜೆಯನ್ನು ನಡೆಸುವ ಸ್ಥಾನಿಕರಿಗೆ ಯಾವ ವೃತ್ತಿ, ಇವುಗಳ ವ್ಯವಸ್ಥೆ ಅಲ್ಲಿದೆ. ಉಡುಪಿಯ ಅಕ್ಕಿ ಮುಹೂರ್ತದಲ್ಲಿ ಕಂಡ ದೂರದೃಷ್ಟಿಯೇ ಇಲ್ಲಿಯೂ ಕಾಣುವುದು. ಅರಸನು ಕಲ್ಲನ್ನು ನಿಲ್ಲಿಸಿ ಸುಮ್ಮನಾಗಲಿಲ್ಲ, ಮುಡಿ ಅಕ್ಕಿಯ ಲೆಕ್ಕವನ್ನೂ ಕಲ್ಲಿನಲ್ಲಿ ಕೊರೆಸಿದನು.

ಅಂತಹ ಲೆಕ್ಕದ ಮೇಲೆ ಈ ನಾಡಿನ ನೂರಾರು ಬಸದಿಗಳು ಬದುಕಿದ್ದವು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆಯಿಂದ ಗೇಣಿಯ ಭೂಮಿಗಳು ಉಳುವವರ ಪಾಲಾದವು. ತಲೆತಲಾಂತರದಿಂದ ದುಡಿದವನಿಗೆ ನೆಲ ದೊರೆತದ್ದು ನ್ಯಾಯವೇ ಆಯಿತು. ಅದನ್ನು ಕುರಿತು ವಿಷಾದಪಡುವುದು ಧರ್ಮವಲ್ಲ. ಆದರೆ ಗೇಣಿಯ ಅಕ್ಕಿಯಿಂದಲೇ ನೈವೇದ್ಯ, ನಂದಾದೀಪ, ಪುರೋಹಿತರ ಜೀವನ ಎಲ್ಲವೂ ಸಾಗುತ್ತಿದ್ದ ಗ್ರಾಮೀಣ ಬಸದಿಗಳ ಕಣಜ ಒಮ್ಮೆಲೆ ಬರಿದಾಯಿತು. ಸರಕಾರದಿಂದ ದೊರೆಯುವ ತಸ್ದೀಕಿನ ಮೊತ್ತದಲ್ಲಿ ವರ್ಷವಿಡೀ ದೀಪ ಉರಿಸುವುದು ಸುಲಭವಲ್ಲ. ಅದೇ ಕಾಲದಲ್ಲಿ ಬೀಡು-ಗುತ್ತುಗಳ ಮಕ್ಕಳು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಮುಂಬಯಿ, ಬೆಂಗಳೂರುಗಳಿಗೆ ಹೊರಟರು. ಹಿಂದೆ ಹಲವು ಜೈನ ಮನೆಗಳಿದ್ದ ಊರುಗಳಲ್ಲಿ ಈಗ ಒಂದೆರಡು ಮನೆಗಳೂ ಅವುಗಳಲ್ಲಿ ವೃದ್ಧ ದಂಪತಿಗಳೂ ಉಳಿದಿರುವ ದೃಶ್ಯ ಅಪರೂಪವಲ್ಲ. ಕೀಲಿಕೈ ಅವರ ಸೊಂಟದಲ್ಲಿದೆ. ಅನಂತರ ಅದನ್ನು ಯಾರಿಗೆ ಕೊಡಬೇಕೆಂಬುದು ಅವರಿಗೂ ತಿಳಿಯದು.

ಕಾರ್ಕಳದ ಗೊಮ್ಮಟ, ಚತುರ್ಮುಖ ಬಸದಿಗಳು ಕೇಂದ್ರ ಸರಕಾರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2002ರಲ್ಲಿಯೂ 2015ರಲ್ಲಿಯೂ ನಡೆದ ಮಹಾಮಸ್ತಕಾಭಿಷೇಕಗಳಿಗೆ ದೇಶದ ಮೂಲೆಮೂಲೆಗಳಿಂದ ಜನ ಬಂದರು. ಅವುಗಳ ಬಗೆಗೆ ಚಿಂತೆಗೆ ಎಡೆಯಿಲ್ಲ. ಹಿರಿಯಂಗಡಿಯ ನೇಮಿನಾಥ ಬಸದಿಯ ಮುಂದಿರುವ ಸುಂದರವಾದ ಮಾನಸ್ತಂಭವನ್ನು ನೋಡಲು ಸಹ ಕೆಲವರಾದರೂ ಹೋಗುತ್ತಾರೆ. ಆನೆಕೆರೆಯ ನಡುವಿನ ಬಸದಿ, ವರಂಗದ ಕೆರೆಯಲ್ಲಿ ದೋಣಿಯಿಂದಲೇ ತಲುಪಬೇಕಾದ ಚತುರ್ಮುಖ ಬಸದಿ, ಇವು ತಮ್ಮ ಸೌಂದರ್ಯದಿಂದಲೇ ಜನರನ್ನು ಸೆಳೆದುಕೊಂಡಿವೆ. ಚಿಂತೆಯಿರುವುದು ಯಾವ ಮಾರ್ಗದರ್ಶಿಯಲ್ಲಿಯೂ ಹೆಸರಿಲ್ಲದ, ಗದ್ದೆಯಂಚಿನ, ಕಾಡಿನ ಸೆರಗಿನ ಬಸದಿಗಳದು. ಬಾರಕೂರಿಗೆ ಹೋಗಿ ಕತ್ತಲೆ ಬಸದಿಯ ಅವಶೇಷಗಳ ನಡುವೆ ನಿಂತರೆ, ಆಳುಪರ ರಾಜಧಾನಿಯಾಗಿದ್ದ ಮಹಾನಗರದಲ್ಲಿಯೂ ದೀಪ ಆರಿದ ಬಳಿಕ ಏನಾಗುತ್ತದೆಂಬುದನ್ನು ಕಣ್ಣಾರೆ ಕಾಣಬಹುದು.

ನಿರ್ಲಕ್ಷ್ಯದಷ್ಟೇ ಹಾನಿ ಅತ್ಯುತ್ಸಾಹದಿಂದಲೂ ಆಗುತ್ತಿದೆ. ಇದು ಸ್ವಲ್ಪ ಕಟುವಾದ ಮಾತು; ಆದರೆ ಜೀರ್ಣೋದ್ಧಾರದ ಮಂಟಪದಲ್ಲಿ ಆಡದಿದ್ದರೆ ಇನ್ನೆಲ್ಲಿ ಆಡುವುದು? ಊರಿಗೆ ಹಿಂದಿರುಗಿದ ಶ್ರೀಮಂತರು ಭಕ್ತಿಯಿಂದ ಹಣ ಕೊಡುತ್ತಾರೆ. ಮುರಕಲ್ಲಿನ ಪ್ರಾಕಾರವನ್ನು ಕೆಡವಿ ಸಿಮೆಂಟಿನ ಗೋಡೆ ಏಳುತ್ತದೆ. ಕಾಲು ಜಾರುವಂಥ ನುಣುಪಾದ ಗ್ರಾನೈಟ್ ಹಾಸು ಬರುತ್ತದೆ. ಕಗ್ಗಲ್ಲಿನ ಕಂಬಕ್ಕೆ ಎಣ್ಣೆಬಣ್ಣ ಬಳಿಯುತ್ತಾರೆ. ಹಳೆಯ ಗೋಡೆಯಲ್ಲಿದ್ದ ಶಾಸನದ ಕಲ್ಲು ಬಾವಿಕಟ್ಟೆಯ ಬಳಿ ಬಟ್ಟೆ ಒಗೆಯುವ ಕಲ್ಲಾದುದೂ ಉಂಟು. ಆ ಕಲ್ಲಿನಲ್ಲಿ ಯಾವ ಶ್ರಾವಿಕೆ ಯಾವ ನೋಂಪಿಯ ಉದ್ಯಾಪನೆಗಾಗಿ ಎಷ್ಟು ಹೊನ್ನು ಕೊಟ್ಟಿದ್ದಳೋ ಬಲ್ಲವರಾರು? ಹೊಸ ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ಭರದಲ್ಲಿ ಹಳೆಯ ದಾನಿಯ ಹೆಸರನ್ನು ಅಳಿಸುವುದು ಯಾವ ಪುಣ್ಯಕ್ಕೂ ದಾರಿಯಾಗಲಾರದು. ಲೋಹದ ಬಿಂಬಗಳ ಮಾತು ಇನ್ನೂ ಸೂಕ್ಷ್ಮವಾದದ್ದು. 2013ರಲ್ಲಿ ಮೂಡುಬಿದಿರೆಯಂತಹ ಕ್ಷೇತ್ರದಲ್ಲಿಯೇ ಅಮೂಲ್ಯವಾದ ಜಿನಬಿಂಬಗಳು ಕಳುವಾದ ಮೇಲೆ ಒಂಟಿ ಬಸದಿಗಳ ಸ್ಥಿತಿಯನ್ನು ಬೇರೆ ಹೇಳಬೇಕಾಗಿಲ್ಲ. ಪ್ರತಿಯೊಂದು ಬಿಂಬದ ಎತ್ತರ, ಲಾಂಛನ, ಪೀಠದ ಲಿಪಿ ಇವನ್ನು ಭಾವಚಿತ್ರ ಸಹಿತ ದಾಖಲೆ ಮಾಡಿಟ್ಟರೆ, ಕಳೆದುಹೋದದ್ದು ನಮ್ಮದೆಂದು ಹೇಳಲಾದರೂ ಆಧಾರವಿರುತ್ತದೆ.

ಆದಕಾರಣ ಎಲ್ಲಿಯೇ ಆಗಲಿ, ಬಸದಿಯ ಜೀರ್ಣೋದ್ಧಾರ ಸಮಿತಿಯು ಹಾರೆ-ಪಿಕ್ಕಾಸುಗಳನ್ನು ಕೈಗೆತ್ತಿಕೊಳ್ಳುವ ಮುನ್ನ ಒಂದು ದಿನವನ್ನು ಅಕ್ಷರಗಳಿಗಾಗಿ ಮೀಸಲಿಡಬೇಕೆಂದು ಪ್ರಾರ್ಥನೆ. ಶಾಸನದ ಪಡಿಯಚ್ಚನ್ನು ತೆಗೆಯುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಪುರಾತತ್ವ ಇಲಾಖೆಯ ಶಾಸನ ವಿಭಾಗವು ಮೈಸೂರಿನಲ್ಲಿದೆ, ಬರೆದು ಕೇಳಿದರೆ ಬಲ್ಲವರು ಬಂದಾರು. ಕಲ್ಲನ್ನು ನಾರಿನ ಬ್ರಷ್ಷಿನಿಂದ ನೀರು ಹಾಕಿ ತೊಳೆಯಬೇಕು. ಉಳಿಯನ್ನಾಗಲಿ ಆಮ್ಲವನ್ನಾಗಲಿ ಮುಟ್ಟಿಸಲೇಬಾರದು. ನೆನೆಸಿದ ಗಟ್ಟಿ ಕಾಗದವನ್ನು ಅಕ್ಷರಗಳ ಮೇಲೆ ಹರಡಿ, ಕೂದಲಿನ ಬ್ರಷ್ಷಿನಿಂದ ಮೆಲ್ಲಗೆ ಬಡಿದರೆ ಕಾಗದವು ಅಕ್ಷರದ ತಗ್ಗಿನೊಳಕ್ಕೆ ಇಳಿಯುತ್ತದೆ. ಅರೆಬರೆ ಒಣಗಿದ ಮೇಲೆ ಮಸಿಯಲ್ಲಿ ಅದ್ದಿದ ಬಟ್ಟೆಯುಂಡೆಯನ್ನು ಮೇಲ್ಮೈಗೆ ತಟ್ಟುತ್ತ ಹೋದಂತೆ, ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಒಂದೊಂದಾಗಿ ಮೂಡುತ್ತವೆ. ಎರಡು ಪ್ರತಿಗಳನ್ನು ತೆಗೆದು, ಒಂದನ್ನು ಮೈಸೂರಿಗೆ ಕಳುಹಿಸಿ, ಇನ್ನೊಂದನ್ನು ಬಸದಿಯ ಪೆಟ್ಟಿಗೆಯಲ್ಲಿ ಇಡಬೇಕು. ಮರುದಿನ ಕೆಲಸಗಾರರು ಬರಲಿ.